ಕೇಹರಗಢದ ಕೋಟೆಯಲ್ಲಿ ಅಪ್ಪನವರು

ಬೇತ್ವಾ ನದಿಯ ದಂಡೆಯ ಮೇಲಿನ ಕೇಹರಗಢವೆಂಬ ಊರಿನಲ್ಲಿ, ಹಳೆಯ ಧರ್ಮಶಾಲೆಯೊಂದರ ಪಡಸಾಲೆಯಲ್ಲಿ, ಪೂಜ್ಯ ಶ್ರೀ ನಿರ್ಲೇಪ ಅಪ್ಪನವರು ಗೋಣಿತಾಟಿನ ಮೇಲೆ ಕುಳಿತು ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ಬೆಳಗಿನ ಹೊತ್ತು. ಮಲಪ್ರಭೆಯ ದಂಡೆಯ ಹಳ್ಳಿಗಳಿಂದ ಅವರೊಡನೆ ಯಾತ್ರೆಗೆ ಬಂದಿದ್ದ ಭಕ್ತರು ಇನ್ನೂ ಸ್ನಾನ ಮುಗಿಸಿ ಒಬ್ಬೊಬ್ಬರಾಗಿ ಹೊಳೆಯಿಂದ ಮೇಲೆ ಬರುತ್ತಿದ್ದರು. ಅಪ್ಪನವರಿಗೆ ಆಗ ಎಪ್ಪತ್ತು ದಾಟಿತ್ತು. ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಆದರೂ ಅಡುಗೆಯವರಿಗೆ ನೆರವಾಗುವುದನ್ನು ಅವರು ಯಾವ ಊರಿನಲ್ಲೂ ತಪ್ಪಿಸುತ್ತಿರಲಿಲ್ಲ. ಸ್ವಾಮಿಗಳು ಹೀಗೆ ಬೇಳೆ ಆರಿಸಬಾರದೆಂದು ಯಾರಾದರೂ ಹೇಳಿದರೆ, ತಿನ್ನುವಾಗ ಕಲ್ಲು ಸ್ವಾಮಿಗಳ ಹಲ್ಲಿಗೂ ಸಿಗುತ್ತದೆ ಎಂದು ನಕ್ಕುಬಿಡುತ್ತಿದ್ದರು.

ಈ ಪ್ರಸಂಗವನ್ನು ನನಗೆ ಹೇಳಿದವರು ಅಂಬಕ್ಕನವರು. ಆ ಯಾತ್ರೆಯಲ್ಲಿ ಅಡುಗೆಯ ಭಾರ ಹೊತ್ತಿದ್ದವರು ಅವರೇ. ಬ್ರಿಟಿಷರ ಕಾಲವದು. ಅಂಬಕ್ಕನವರು ಹನ್ನೆರಡನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗನ್ನು ಹಣೆಯವರೆಗೂ ಎಳೆದುಕೊಂಡು ಬದುಕಿದವರು. ಕಂಡದ್ದನ್ನು ಕಂಡಂತೆ ಹೇಳುವ ಸ್ವಭಾವ. ಆದ್ದರಿಂದ ನಾನಾಗಿ ಒಂದು ಮಾತನ್ನೂ ಇದಕ್ಕೆ ಕೂಡಿಸಿಲ್ಲ.

ಅಪ್ಪನವರ ಜೊತೆ ಕ್ಷೇತ್ರದರ್ಶನಕ್ಕೆ ಹೋಗುವುದೆಂದರೆ ವಿಚಿತ್ರವಾಗಿರುತ್ತಿತ್ತಂತೆ. ಗುಡಿ ಕಂಡರೆ ಎಲ್ಲರೂ ಗರ್ಭಗುಡಿಗೆ ಧಾವಿಸುವಾಗ ಅವರು ಹೊರಗಿನ ಕಂಬವೊಂದನ್ನು ನೋಡುತ್ತ ನಿಂತುಬಿಡುವರು. ಆಗ್ರಾದಲ್ಲಿ ಯಮುನೆಯ ದಂಡೆಯ ಮೇಲಿನ ಯಾವುದೋ ಹೆಸರಿಲ್ಲದ ಗೋರಿಯ ಬಳಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಬರುವಾಗ ತುದಿಗಾಲಲ್ಲಿ ನಡೆದು ಬಂದರು. ಯಾಕೆಂದು ಕೇಳಿದ್ದಕ್ಕೆ, ಮಲಗಿದವರನ್ನು ಎಬ್ಬಿಸಬಾರದಲ್ಲ ಎಂದರು.

ಈ ರೀತಿ ಹಿಡಿಸದವರೊಬ್ಬರು ಯಾತ್ರಿಕರಲ್ಲಿದ್ದರು. ಅವರು ಕರಿಹೊಳಿಯ ತಿರುಮಲರಾವ್ ದೇಸಾಯಿಯವರು. ದೊಡ್ಡ ಮನೆತನ, ಸಂಸ್ಕೃತ ಬಲ್ಲವರು, ಹಿಂದೂಸ್ತಾನಿಯನ್ನೂ ಸೊಗಸಾಗಿ ಮಾತನಾಡುತ್ತಿದ್ದರು. ಮಡಿಯಲ್ಲಿ ಎಷ್ಟು ಬಿಗಿಯೆಂದರೆ ರೈಲಿನ ಪ್ರಯಾಣದಲ್ಲಿ ನೀರನ್ನೂ ಕುಡಿಯುತ್ತಿರಲಿಲ್ಲ. ಜಾತಿ ಕೇಳದೆ ಎಲ್ಲರ ಪಂಕ್ತಿಯಲ್ಲೂ ಕೂಡುವ ಅಪ್ಪನವರ ಬಗ್ಗೆ ಅವರಿಗೆ ಅಂಥ ಗೌರವವೇನೂ ಇರಲಿಲ್ಲ. ಗೌರವವಿದ್ದದ್ದು ಅವರ ಹೆಂಡತಿಗೆ. ಇದ್ದ ಒಬ್ಬನೇ ಮಗ ವಿಷಮಶೀತ ಜ್ವರದಿಂದ ತೀರಿಕೊಂಡಾಗಿನಿಂದ ಆ ತಾಯಿ ಹಾಸಿಗೆ ಹಿಡಿದಿದ್ದಳು. ಮಗನಿಗೆ ಪ್ರಯಾಗ, ಗಯೆಗಳಲ್ಲಿ ಪಿಂಡ ಇಡುವುದಾದರೆ ಅಪ್ಪನವರ ಸಂಗಡವೇ ಹೋಗಿಬನ್ನಿ ಎಂದು ಆಕೆ ಹಟ ಹಿಡಿದಿದ್ದರಿಂದ ದೇಸಾಯಿಯವರು ಬಂದಿದ್ದರು. ಸೊಸೆಯನ್ನೂ ಕರೆತಂದಿದ್ದರು.

ಸೊಸೆ ವೇಣೂಬಾಯಿಗೆ ಆಗ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮನೆಯಲ್ಲಿ ಯಾರೂ ಆಕೆಯನ್ನು ಬೈದವರಲ್ಲ, ಹೊಡೆದವರಲ್ಲ. ಆದರೆ ಆಕೆ ಎದುರಿಗೆ ಬಂದರೆ ಹೊರಟವರು ಒಂದು ಗಳಿಗೆ ಕುಳಿತು ಹೊರಡುತ್ತಿದ್ದರು. ಆಕೆಯ ಕಾಲ್ಗುಣದ ಮಾತು ಆಕೆಗೆ ಕೇಳುವಂತೆಯೇ ನಡೆಯುತ್ತಿತ್ತು. ಗಂಡ ಸತ್ತು ಒಂದೂವರೆ ವರ್ಷವಾದರೂ ಕೂದಲು ತೆಗೆಸದೆ ಬಿಟ್ಟದ್ದಕ್ಕೆ ಬಂಧುಗಳು ಆಕ್ಷೇಪಿಸಿದ್ದರಿಂದ, ಪ್ರಯಾಗದ ತ್ರಿವೇಣಿಯಲ್ಲಿಯೇ ಆ ಕೆಲಸ ಮುಗಿಸುವುದೆಂದು ದೇಸಾಯಿಯವರು ನಿಶ್ಚಯಿಸಿದ್ದರು. ಇದು ಎಲ್ಲರಿಗೂ ತಿಳಿದಿತ್ತು. ಅಪ್ಪನವರಿಗೂ ತಿಳಿದಿತ್ತು. ಅವರು ಏನೂ ಅಂದಿರಲಿಲ್ಲ. ಅಂಬಕ್ಕನವರಿಗೆ ಅದೇ ಸಂಕಟವಾಗಿತ್ತಂತೆ. ದಾರಿಯುದ್ದಕ್ಕೂ ಆ ಹುಡುಗಿ ಅವರ ಪಕ್ಕದಲ್ಲೇ ಮಲಗುತ್ತಿತ್ತು, ಮಾತಿಲ್ಲ, ಅಳುವಿಲ್ಲ, ಇಟ್ಟದ್ದರಲ್ಲಿ ಎರಡು ತುತ್ತು ಉಂಡು ಎದ್ದುಬಿಡುತ್ತಿತ್ತು.

ಅಂದು ಪ್ರಯಾಗದ ಗಾಡಿ ಸಂಜೆಗೆ. ಅಷ್ಟರೊಳಗೆ ಊರಿನ ಕೋಟೆಯನ್ನು ನೋಡಿಬರೋಣವೆಂದು ಎಲ್ಲರೂ ಹೊರಟರು. ಹೊಳೆಯ ದಂಡೆಯಲ್ಲಿ ಹಿಂದಿನ ಅರಸರ ಸಮಾಧಿ ಮಂಟಪಗಳು ಸಾಲಾಗಿ ನಿಂತಿವೆ. ಅವುಗಳ ಗೋಪುರಗಳಲ್ಲಿ ರಣಹದ್ದುಗಳು ಗೂಡು ಕಟ್ಟಿವೆ. ಅಲ್ಲಿಂದ ಕಲ್ಲುಹಾಸಿನ ದಾರಿ ಏರುತ್ತ ಹೋಗಿ ಕೋಟೆಯ ಮಹಾದ್ವಾರವನ್ನು ಸೇರುತ್ತದೆ. ದಾರಿ ತೋರಿಸಲು ಪರ್ಬತ ಸಿಂಗನೆಂಬ ನಡುವಯಸ್ಸಿನ ಮನುಷ್ಯ ಬಂದಿದ್ದ. ಅವನ ಪೂರ್ವಿಕರು ತಲೆತಲಾಂತರದಿಂದ ಆ ಬಾಗಿಲನ್ನು ಕಾದವರು. ಅವನು ತನ್ನ ಭಾಷೆಯಲ್ಲಿ ಹೇಳಿದ್ದನ್ನು ದೇಸಾಯಿಯವರು ಕನ್ನಡದಲ್ಲಿ ಎಲ್ಲರಿಗೂ ತಿಳಿಸುತ್ತಿದ್ದರು. ಅಪ್ಪನವರು ತಾರುಣ್ಯದಲ್ಲಿ ಆ ಸೀಮೆಯನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದವರು. ಆ ಭಾಷೆ ಅವರಿಗೆ ಚೆನ್ನಾಗಿ ಬರುತ್ತಿತ್ತು. ಆದರೂ ತಮಗೇನೂ ತಿಳಿಯದವರಂತೆ ಹಿಂದೆ ಹಿಂದೆ ಕುಂಟುತ್ತ ಬರುತ್ತಿದ್ದರು.

ಬಾಗಿಲ ಒಳಗೋಡೆಯಲ್ಲಿ, ಆಳೆತ್ತರದವರೆಗೆ, ಕಲ್ಲಿನಲ್ಲಿ ಕೆತ್ತಿದ ಕೈಗುರುತುಗಳಿದ್ದವು. ಬರಿಯ ಹಸ್ತಗಳು. ಬೆಳ್ಳಿಯ ರೇಕು ಹಚ್ಚಿ, ಸಿಂಧೂರ ಬಳಿದು, ಹೂವೇರಿಸಿದ್ದರು. ಪರ್ಬತ ಸಿಂಗ ಕೈಮುಗಿದು ಕಥೆ ಹೇಳಿದ. ಒಬ್ಬ ಅರಸ ಯುದ್ಧದಲ್ಲಿ ಮಡಿದಾಗ ಅವನ ರಾಣಿಯರೆಲ್ಲ ಮದುವಣಗಿತ್ತಿಯರಂತೆ ಸಿಂಗರಿಸಿಕೊಂಡು ಈ ಬಾಗಿಲಿಗೆ ಬಂದರು. ಸಿಂಧೂರದಲ್ಲಿ ಅದ್ದಿದ ಅಂಗೈಯನ್ನು ಗೋಡೆಗೆ ಒತ್ತಿ, ಹೊಳೆಯ ದಂಡೆಗಿಳಿದು ಚಿತೆಯೇರಿದರು. ಆ ಗುರುತು ಅಳಿಯಬಾರದೆಂದು ಶಿಲ್ಪಿ ಇದ್ದದ್ದನ್ನು ಇದ್ದಂತೆ ಕಲ್ಲಿನಲ್ಲಿ ಬಿಡಿಸಿದ.

ಹೆಂಗಸರು ಗಲ್ಲ ಬಡಿದುಕೊಂಡು ನಮಸ್ಕರಿಸಿದರು. ದೇಸಾಯಿಯವರ ಕಣ್ಣು ತುಂಬಿ ಬಂತು. ಅವರು ತೆಂಗಿನಕಾಯಿ ಒಡೆಸಿ, ಹಣೆಯನ್ನು ಆ ಗೋಡೆಗೆ ಮುಟ್ಟಿಸಿ, ಯಾರ ಕಡೆಗೂ ನೋಡದೆ ಹೇಳಿದರು:

"ಇಂಥಾ ಹೆಣ್ಣುಮಕ್ಕಳೂ ಹುಟ್ಟಿದ್ದರು. ಗಂಡನ ಹಿಂದ ಹೋಗೂ ಭಾಗ್ಯ ಎಲ್ಲಾರಿಗೂ ಎಲ್ಲಿಂದ ಬರಬೇಕು."

ಅಂಬಕ್ಕನವರು ವೇಣೂಬಾಯಿಯ ಮುಖ ನೋಡಿದರು. ಆ ಮುಖದಲ್ಲಿ ಏನೂ ಇರಲಿಲ್ಲ. ಹುಡುಗಿ ಮೆಲ್ಲಗೆ ಮುಂದೆ ಬಂದು, ಎಲ್ಲಕ್ಕಿಂತ ಕೆಳಗಿದ್ದ ಹಸ್ತದ ಮೇಲೆ ತನ್ನ ಅಂಗೈ ಇಟ್ಟಳು. ಇಟ್ಟವಳೇ ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಳೆದುಕೊಂಡಳು. ಆಕೆಯ ಕೈಯೇ ದೊಡ್ಡದಾಗಿತ್ತು. ಕಲ್ಲಿನ ಹಸ್ತ ಅದರ ಮುಕ್ಕಾಲು ಪಾಲಿತ್ತು ಅಷ್ಟೆ.

ಇದನ್ನು ಕಂಡ ಪರ್ಬತ ಸಿಂಗ, ಅದು ಕಿರಿಯ ರಾಣಿಯದೆಂದ. ಮದುವೆಯಾಗಿ ಕೆಲವೇ ತಿಂಗಳಾಗಿತ್ತು, ಒಂಬತ್ತು ವರ್ಷದ ಮಗು. ಆ ಸತೀದೇವಿ ನಗುನಗುತ್ತ ಹೋದಳು ಎಂದು ಹೆಮ್ಮೆಯಿಂದ ಹೇಳಿದ. ದೇಸಾಯಿಯವರು ಅದನ್ನೂ ಕನ್ನಡದಲ್ಲಿ ಹೇಳಿದರು, ಆದರೆ ದನಿ ಸ್ವಲ್ಪ ತಗ್ಗಿತ್ತು.

ಅಷ್ಟು ಹೊತ್ತು ಹಿಂದೆ ನಿಂತಿದ್ದ ಅಪ್ಪನವರು ಗೋಡೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತರು. ಪರ್ಬತ ಸಿಂಗನ ಭಾಷೆಯಲ್ಲಿಯೇ ಅವನನ್ನು ಕೇಳಿದರು. ಆಕೆ ನಕ್ಕದ್ದನ್ನು ಯಾರು ನೋಡಿದರು?

ಅರಮನೆಯ ಹೊಗಳುಭಟ್ಟರು ಹಾಗೆ ಹಾಡುತ್ತಾರೆ ಮಹಾರಾಜ್, ಎಂದನವನು. ನಗಾರಿಗಳು ಎಷ್ಟು ಜೋರಾಗಿ ಮೊಳಗಿದವೆಂದರೆ ಆಚೆಯ ದಂಡೆಯವರೆಗೂ ಮತ್ತೇನೂ ಕೇಳಿಸಲಿಲ್ಲವಂತೆ.

ಅಷ್ಟು ಜೋರಾಗಿ ಯಾಕೆ ಬಾರಿಸಿದರು, ಎಂದು ಅಪ್ಪನವರು ಕೇಳಿದರು.

ಅಪ್ಪನವರು ಸಿಟ್ಟಿನಿಂದ ಕೇಳಿರಲಿಲ್ಲ. ನೀರಿನ ಚೊಂಬು ಎಲ್ಲಿದೆ ಎಂದು ಕೇಳಿದಂತೆ ಕೇಳಿ, ಉತ್ತರಕ್ಕಾಗಿ ಅವನ ಮುಖವನ್ನೇ ನೋಡುತ್ತ ಕುಳಿತಿದ್ದರು. ಪರ್ಬತ ಸಿಂಗನಿಗೂ ಮನೆಯಲ್ಲಿ ಹೆಣ್ಣುಮಕ್ಕಳಿದ್ದರೋ ಏನೋ. ತಲೆ ತಗ್ಗಿಸಿ, ಯಾತ್ರಿಕರಿಗೆ ಎಂದೂ ಹೇಳದ ಮಾತನ್ನು ಹೇಳಿದ. ಹೇಳುತ್ತ ಬಗ್ಗಿ, ಆ ಸಣ್ಣ ಹಸ್ತದ ಬುಡದಲ್ಲಿ ಒಂದು ಕಡೆ ಬೆರಳು ಮಾಡಿ ತೋರಿಸಿದ.

ದೇಸಾಯಿಯವರು ಅದನ್ನು ಕನ್ನಡದಲ್ಲಿ ಹೇಳಲಿಲ್ಲ. ಸುತ್ತ ನಿಂತವರು ಕಾದರು. ಅಪ್ಪನವರು ಕುಳಿತಲ್ಲಿಂದಲೇ ಮುಖವೆತ್ತಿದರು.

"ಹೇಳ್ರಿ ದೇಸಾಯರ. ಅಂವ ಏನಂದ?"

ಆ ಮಾತು ದೇಸಾಯಿಯವರ ಬಾಯಿಂದ ತುಂಡು ತುಂಡಾಗಿ ಬಂತೆಂದು ಅಂಬಕ್ಕನವರು ಹೇಳುತ್ತಿದ್ದರು. ಅದು ಹೀಗಿತ್ತು. ಮಗು ನಡೆದು ಬರಲಿಲ್ಲ, ಎತ್ತಿ ತಂದರು. ಅದು ಕೈಯೊತ್ತಲಿಲ್ಲ. ಯಾರೋ ಗಂಡಸು ಅದರ ಮಣಿಕಟ್ಟು ಹಿಡಿದು ಒತ್ತಿಸಿದ. ಅವನ ಬೆರಳಿಗೂ ಸಿಂಧೂರ ಅಂಟಿತ್ತು. ಶಿಲ್ಪಿ ಇದ್ದದ್ದನ್ನು ಇದ್ದಂತೆ ಬಿಡಿಸಿದ್ದರಿಂದ, ಅದೂ ಕಲ್ಲಿನಲ್ಲಿ ಉಳಿದಿದೆ.

ಎಲ್ಲರೂ ಬಗ್ಗಿ ನೋಡಿದರು. ಸಿಂಧೂರದ ದಪ್ಪ ಪದರದ ಕೆಳಗೆ, ಆ ಎಳೆಯ ಹಸ್ತದ ಬುಡಕ್ಕೆ ತಾಗಿ, ಒಂದು ದೊಡ್ಡ ಹೆಬ್ಬೆರಳಿನ ಗುರುತಿತ್ತು. ಅದುವರೆಗೆ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಮ್ಮೆ ಕಂಡ ಮೇಲೆ ಬೇರೇನೂ ಕಾಣಿಸದಾಯಿತು. ಆಗತಾನೆ ಗಲ್ಲ ಬಡಿದುಕೊಂಡಿದ್ದ ಹೆಂಗಸರು ಹಿಂದೆ ಸರಿದರು. ಯಾರೋ ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕುಳಿತಳು. ದೇಸಾಯಿಯವರು ಮಾತ್ರ, ಇವೆಲ್ಲ ಅಡುಗೆಮನೆಯ ಕಟ್ಟುಕಥೆಗಳೆಂದು ತಮಗೆ ತಾವೇ ಹೇಳಿಕೊಂಡರು.

ಆ ಗದ್ದಲದಲ್ಲಿ ಅಂಬಕ್ಕನವರು ಪಕ್ಕಕ್ಕೆ ತಿರುಗಿದರೆ ವೇಣೂಬಾಯಿ ಅಲ್ಲಿರಲಿಲ್ಲ.

ಬಾಗಿಲಿನ ಪಕ್ಕದಿಂದಲೇ ಹೊಳೆಯ ಕಡೆಯ ಬುರುಜಿಗೆ ಮೆಟ್ಟಿಲುಗಳಿವೆ. ಅಂಬಕ್ಕನವರು ಅತ್ತ ಓಡಿದರು. ಹಿಂದೆ ಉಳಿದವರೂ ಓಡಿದರು. ಆದರೆ ಅವರೆಲ್ಲರಿಗಿಂತ ಮೊದಲು ಆ ಕುಂಟುಗಾಲಿನ ವೃದ್ಧರು ಮೇಲಿದ್ದರು. ಅವರು ಯಾವಾಗ ಎದ್ದರು, ಹೇಗೆ ಹತ್ತಿದರು ಎಂಬುದನ್ನು ಯಾರೂ ನೋಡಲಿಲ್ಲ.

ಬುರುಜಿನ ಮೇಲೆ ಗೋಡೆಯ ಒಂದು ಭಾಗ ಬಿದ್ದುಹೋಗಿತ್ತು. ವೇಣೂಬಾಯಿ ಆ ಕಡಿಮೆ ಎತ್ತರದ ಮೋಟುಗೋಡೆಯ ಮೇಲೆ ನಿಂತಿದ್ದಳು. ಕೆಳಗೆ ಬಹಳ ಆಳದಲ್ಲಿ ಬಂಡೆಗಳು, ಬಂಡೆಗಳ ನಡುವೆ ಬೇತ್ವಾ. ಸೆರಗು ಗಾಳಿಗೆ ಹಾರುತ್ತಿತ್ತು. ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡಿ, ಹತ್ತಿರ ಬರಬೇಡಿರೆಂದು ಕೈ ಅಡ್ಡ ಮಾಡಿದಳು. ಎಲ್ಲರೂ ನಿಂತಲ್ಲೇ ನಿಂತರು.

ಅಪ್ಪನವರು ಕೂಗಲಿಲ್ಲ. ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಹೊದ್ದ ಕಾವಿಯ ಪಂಚೆಯನ್ನು ತೆಗೆದು ಬದಿಗಿಟ್ಟು, ಆ ಹುಡುಗಿಯ ಕಡೆಗೆ ತಲೆ ಮಾಡಿ, ಬರಿಮೈಯಲ್ಲಿ ಕಲ್ಲುಹಾಸಿನ ಮೇಲೆ ಉದ್ದಕ್ಕೆ ದೀರ್ಘದಂಡ ನಮಸ್ಕಾರ ಹಾಕಿದರು.

ರಾಜರು ಬಂದರೂ ಏಳದ ಯತಿಗಳು. ಅವರು ತಲೆಬಾಗಿದ್ದನ್ನು ಕಂಡದ್ದು ಗುರುವಿನ ಗದ್ದುಗೆಯ ಮುಂದೆ ಮಾತ್ರ. ಅಂಥವರು ಊರೆಲ್ಲ ಮುಖ ತಿರುಗಿಸುವ ಒಬ್ಬ ವಿಧವೆಯ ಕಾಲಿಗೆ, ಅಷ್ಟು ಜನರ ಎದುರಿಗೆ. ಕೆಲವರು ಕಣ್ಣು ಮುಚ್ಚಿಕೊಂಡರು. ಒಬ್ಬರು ರಾಮ ರಾಮ ಎಂದು ಜಪಿಸತೊಡಗಿದರು. ಚಿತೆಯ ಕಥೆ ಕೇಳಿ ಆದದ್ದಕ್ಕಿಂತ ದೊಡ್ಡ ಆಘಾತ ಅಲ್ಲಿದ್ದವರಿಗೆ ಇದರಿಂದ ಆಯಿತಂತೆ.

ವೇಣೂಬಾಯಿ ತತ್ತರಿಸಿಹೋದಳು. ಯಾತ್ರೆಯಲ್ಲಿ ಮೊದಲ ಬಾರಿಗೆ ಆಕೆಯ ದನಿ ಕೇಳಿಸಿತು.

"ಅಪ್ಪಾರ, ಏಳ್ರಿ. ನನಗ ಕೈ ಮುಗಿಬಾರದ್ರೀ. ನಾ ಅಪಶಕುನ."

ಅಪ್ಪನವರು ಮುಖವೆತ್ತಲಿಲ್ಲ. ಚೈತ್ರದ ಬಿಸಿಲು ಆಗಲೇ ಏರಿತ್ತು. ಆ ಕರಿಕಲ್ಲಿನ ಮೇಲೆ ಚಪ್ಪಲಿ ಇಲ್ಲದವರು ಕಾಲು ಬದಲಿಸುತ್ತ ನಿಂತಿದ್ದರು. ಅಪ್ಪನವರು ಮಲಗಿದಲ್ಲಿಂದಲೇ ಹೇಳಿದರು:

"ನೀ ಇಳಿಯೂತನಕಾ ನಾ ಏಳಂಗಿಲ್ಲವ್ವಾ. ಕಲ್ಲು ಭಾಳ ಕಾದೈತಿ. ಲಗೂ ಬಾ."

ಅಷ್ಟೇ. ಬದುಕಿನ ಬಗ್ಗೆ ಉಪದೇಶವಿಲ್ಲ, ಆತ್ಮದ ಬಗ್ಗೆ ವಾಕ್ಯವಿಲ್ಲ. ಆ ಹುಡುಗಿ ಒಮ್ಮೆ ಹೊಳೆಯ ಕಡೆಗೆ ನೋಡಿದಳು, ಒಮ್ಮೆ ಕಲ್ಲಿಗೆ ಅಂಟಿಕೊಂಡು ಮಲಗಿದ್ದ ಆ ಮುದಿ ಮೈಯನ್ನು ನೋಡಿದಳು. ಆ ಮೈ ಬಿಸಿಗೆ ಸಣ್ಣಗೆ ಅದುರುತ್ತಿತ್ತು. ಆಮೇಲೆ ಆಕೆ ಗೋಡೆಯಿಂದ ಇಳಿದು, ಓಡಿ ಬಂದು, ಎರಡೂ ಕೈಯಿಂದ ಅವರ ಭುಜ ಹಿಡಿದು ಎಬ್ಬಿಸಿದಳು. ಮುಟ್ಟಬಾರದೆಂಬುದು ಆಕೆಗೆ ನೆನಪಾಗಲಿಲ್ಲ. ಅಪ್ಪನವರ ಎದೆಯ ಮೇಲೆ, ಹೊಟ್ಟೆಯ ಮೇಲೆ ಬೊಬ್ಬೆಗಳೆದ್ದಿದ್ದವು. ಅದನ್ನು ಕಂಡು ಆಕೆ ಅಳತೊಡಗಿದಳು. ಗಂಡ ಸತ್ತ ದಿನವೂ ಅಳದಿದ್ದ ಹುಡುಗಿ ಅಂಬಕ್ಕನವರ ಮಡಿಲಲ್ಲಿ ಬಿದ್ದು, ಗಂಟಲು ಹರಿಯುವಂತೆ ಅತ್ತಳು. ಯಾವ ನಗಾರಿಯೂ ಅಲ್ಲಿ ಇರಲಿಲ್ಲ. ಆ ಅಳು ಎಲ್ಲರಿಗೂ ಕೇಳಿಸಿತು.

ಅಪ್ಪನವರು ಪಂಚೆ ಹೊದ್ದುಕೊಂಡು, ದೇಸಾಯಿಯವರ ಬಲಗೈ ಹಿಡಿದು, ಮೆಟ್ಟಿಲಿಳಿಸಿಕೊಂಡು ಬಾಗಿಲಿಗೆ ಕರೆತಂದರು. ದೇಸಾಯಿಯವರು ಮಗುವಿನಂತೆ ಹಿಂದೆ ಬಂದರು. ಅಪ್ಪನವರು ಅವರನ್ನು ಆ ಗೋಡೆಯ ಮುಂದೆ ಕೂರಿಸಿ, ಅವರ ಹೆಬ್ಬೆರಳನ್ನು ಕಲ್ಲಿನಲ್ಲಿದ್ದ ಹೆಬ್ಬೆರಳಿನ ಗುರುತಿನ ಮೇಲೆ ಇಟ್ಟರು.

"ಕೂಡತೈತೇನು ನೋಡ್ರಿ," ಎಂದರು.

ಕೂಡಿತು. ಯಾವ ಗಂಡಸಿನ ಬೆರಳಾದರೂ ಕೂಡುತ್ತಿತ್ತೇನೋ, ಎಂದು ಅಂಬಕ್ಕನವರು ಪ್ರಾಮಾಣಿಕವಾಗಿ ಹೇಳುತ್ತಿದ್ದರು. ಆದರೆ ದೇಸಾಯಿಯವರು ಕೈ ತೆಗೆಯಲಾರದೆ ಹೋದರು. ಅಪ್ಪನವರೇ ಆ ಕೈಯನ್ನು ಬಿಡಿಸಿ ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡು, ಅವರ ಪಕ್ಕದಲ್ಲಿ ಬಹಳ ಹೊತ್ತು ಕುಳಿತರು. ನಿಂದಿಸಲಿಲ್ಲ. ಮಗನನ್ನು ಕಳೆದುಕೊಂಡ ತಂದೆಯ ಕೈಯೂ ಅದೇ ಅಲ್ಲವೆ? ಕೊನೆಗೆ ದೇಸಾಯಿಯವರು, ನಾನು ಏನು ಮಾಡಲಿ ಎಂದು ಕೇಳಿದರಂತೆ. ಅಪ್ಪನವರು ಹೇಳಿದ್ದು ಒಂದೇ ಮಾತು.

"ಆಕೀ ಮಣಿಕಟ್ಟು ಬಿಡ್ರಿ."

ಸಂಜೆಯ ಗಾಡಿಗೆ ಎಲ್ಲರೂ ಪ್ರಯಾಗಕ್ಕೆ ಹೋದರು. ಅಂಬಕ್ಕನವರು ಅಪ್ಪನವರ ಬೊಬ್ಬೆಗಳಿಗೆ ಬೆಣ್ಣೆ ಹಚ್ಚುತ್ತ ಬಂದರು. ಮರುದಿನ ತ್ರಿವೇಣಿಯ ದಂಡೆಯಲ್ಲಿ, ಮೊದಲೇ ಹೇಳಿಕಳಿಸಿದ್ದಂತೆ, ಕ್ಷೌರಿಕ ಕತ್ತಿ ಮಸೆದುಕೊಂಡು ಕಾದಿದ್ದ. ಪುರೋಹಿತರು ಸೊಸೆಯನ್ನು ಕೂರಿಸಿರೆಂದರು. ವೇಣೂಬಾಯಿ ಎದ್ದು ನಿಂತಳು. ದೇಸಾಯಿಯವರು ಅವಳನ್ನು ದಾಟಿ ಹೋಗಿ ತಾವೇ ಕ್ಷೌರಿಕನ ಮುಂದೆ ಕುಳಿತು, ಮಗನಿಗಾಗಿ ತಮ್ಮ ತಲೆಯನ್ನಷ್ಟೇ ಬೋಳಿಸಿಕೊಂಡರು. ಅವನು ಕತ್ತಿ ಒರೆಸಿಕೊಂಡು ಮುಂದಿನವರು ಯಾರೆಂದು ಕೇಳಿದಾಗ, "ಇನ್ನ್ಯಾರೂ ಇಲ್ಲ. ಆಕಿ ನನ್ನ ಮಗಳು," ಎಂದರು. ಪುರೋಹಿತರು ಶಾಸ್ತ್ರ ತೆಗೆದರು. ಅಷ್ಟೆಲ್ಲ ಶಾಸ್ತ್ರ ಬಲ್ಲ ದೇಸಾಯಿಯವರು ವಾದಕ್ಕೆ ನಿಲ್ಲದೆ ಸ್ನಾನಕ್ಕೆ ಇಳಿದರು.

ಊರಿಗೆ ಮರಳಿದ ಮೇಲೆ ಅವರು ಪಟ್ಟ ಪಾಡು ಸಣ್ಣದಲ್ಲ. ಬಂಧುಗಳು ಪಂಕ್ತಿಯಿಂದ ಹೊರಗಿಟ್ಟರು. ಹಬ್ಬಕ್ಕೆ ಕರೆಯುವವರಿಲ್ಲದಾದರು. ಅವರು ಸೊಸೆಯನ್ನು ಪುಣೆಗೆ ಓದಲು ಕಳಿಸಿದರು. ಆಕೆ ಸೂಲಗಿತ್ತಿಯ ವಿದ್ಯೆ ಕಲಿತು ಬಂದು, ಮಲಪ್ರಭೆಯ ಎರಡೂ ದಂಡೆಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ತೊಟ್ಟಿಲು ತೂಗಿಸಿದಳು. ಕಾಲ್ಗುಣದ ಮಾತಾಡಿದವರೇ ಹೆರಿಗೆ ನೋವಿನ ಹೊತ್ತಿಗೆ ಆಕೆಯ ದಾರಿ ಕಾಯುತ್ತಿದ್ದರು. ದೇಸಾಯಿಯವರು ವಾರಕ್ಕೊಮ್ಮೆ ಅಪ್ಪನವರ ಮಠಕ್ಕೆ ಹೋಗಿ ಎಲ್ಲರ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರೆಂದು ಹಿರಿಯರು ಹೇಳುತ್ತಾರೆ.

ಆದರೆ ಅಂಬಕ್ಕನವರು ಇದಾವುದನ್ನೂ ಹೇಳುತ್ತಿರಲಿಲ್ಲ. ಅವರ ಕಥೆ ಪ್ರಯಾಗದ ಸಂಜೆಗೇ ಮುಗಿಯುತ್ತಿತ್ತು.

ಪಿಂಡ, ತರ್ಪಣ ಎಲ್ಲ ಮುಗಿದು, ಹೊಳೆಯ ಮೇಲೆ ದೋಣಿಗಳು ಮರಳುವ ಹೊತ್ತು. ಗಂಡ ಸತ್ತವರಿಗೆ ದಿನಕ್ಕೆ ಒಂದೇ ಊಟವೆಂಬುದು ಆಗಿನ ನಿಯಮ, ಸಂಜೆಗೆ ತುತ್ತು ಮುಟ್ಟುವಂತಿರಲಿಲ್ಲ. ಮರಳಿನ ಮೇಲೆ ಅಂಬಕ್ಕನವರ ಪಕ್ಕ ಕುಳಿತಿದ್ದ ವೇಣೂಬಾಯಿ ಇದ್ದಕ್ಕಿದ್ದಂತೆ ಮಾವನ ಕಡೆ ತಿರುಗಿದಳು.

"ಮಾವನವರ, ನನಗ ಹಸಿವಿ ಆಗ್ಯದ."

ದೇಸಾಯಿಯವರು ಎದ್ದು, ಬೋಳಿಸಿದ ತಲೆಯ ಮೇಲೆ ಉತ್ತರೀಯ ಹಾಕಿಕೊಂಡು, ದಂಡೆಯ ಮೇಲಿನ ಪೂರಿ ಅಂಗಡಿಯ ಕಡೆಗೆ ನಡೆದರು. ರೈಲಿನಲ್ಲಿ ನೀರು ಮುಟ್ಟದ ಮನುಷ್ಯ ಆ ಜನಜಂಗುಳಿಯಲ್ಲಿ ಯಾರು ಯಾರ ಮೈ ತಾಗಿಸಿಕೊಂಡು ನಿಂತರೋ. ಬಹಳ ಹೊತ್ತಿನ ಮೇಲೆ, ಬಿಸಿ ಪೂರಿಯ ಎಲೆದೊನ್ನೆಗಳನ್ನು ಬೊಗಸೆಯಲ್ಲಿ ಹಿಡಿದುಕೊಂಡು, ಚೆಲ್ಲದಂತೆ ಮೆಲ್ಲಗೆ ಮರಳಿನಲ್ಲಿ ನಡೆದು ಬಂದರು. ಒಂದನ್ನು ಸೊಸೆಯ ಮುಂದೆ ಇಟ್ಟರು.

"ಇನ್ನೊಂದನ್ನ ನನ್ನ ಮುಂದ ಇಟ್ಟರವ್ವಾ," ಎನ್ನುತ್ತಿದ್ದರು ಅಂಬಕ್ಕನವರು. "ಹನ್ನೆರಡು ವರ್ಷದಾಕಿ ಇದ್ದಾಗಿನಿಂದ ನಾ ಸಂಜಿ ಊಟ ಕಂಡಿರಲಿಲ್ಲ. ಅಪ್ಪಾರ ಕಡೆ ನೋಡಿದೆ. ಅವರು, ಆರಿ ಹೋಗತೈತಿ, ಉಣ್ಣ ಅಂದರು. ಉಂಡೆ."